ಬಿಗಿ ಕಾಲುಚೀಲವೋ, ಹೊಟ್ಟೆಗೆ ಸೂಜಿಯೋ?

ಲ್ಯಾಪ್ರೋಸ್ಕೋಪಿಯಲ್ಲಿ ಗರ್ಭಕೋಶ ತೆಗೆಸಿಕೊಂಡರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೊಟ್ಟೆ ಕೊಯ್ದು ಮಾಡುವ ಆಪರೇಷನ್‌ಗಿಂತ ಕಡಿಮೆ. ಇಲ್ಲವೇ ಇಲ್ಲ ಅಂತಲ್ಲ. ಅದನ್ನು ತಡೆಯಲು ಎರಡು ದಾರಿ.

ಬಿಗಿ ಕಾಲುಚೀಲ, ಇಲ್ಲವೇ ಬುಸ್ಸೆನ್ನುತ್ತ ಮೀನಖಂಡ ಹಿಸುಕಿ ಬಿಡುವ ಗಾಳಿ ಪಂಪು: ಎರಡರಲ್ಲೂ ರಕ್ತಸ್ರಾವದ ಭಯವಿಲ್ಲ. ಆದರೆ ಹಾಕಿಕೊಂಡಷ್ಟು ಹೊತ್ತು ಮಾತ್ರ ಕೆಲಸ. ಸೆಕೆಯೆಂದು ಚೀಲವನ್ನು ಅರ್ಧಕ್ಕೆ ಸುತ್ತಿಬಿಟ್ಟರೆ ಕಾಲಿಗೆ ಹಗ್ಗ ಬಿಗಿದಂತೆಯೇ.

ಇನ್ನೊಂದು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎನಾಕ್ಸಪಾರಿನ್ ಸೂಜಿ. ಸಾಮಾನ್ಯವಾಗಿ ದಿನಕ್ಕೊಂದು, 40 ಮಿಲಿಗ್ರಾಂ. ಹೊಟ್ಟೆಯ ಚರ್ಮ ಚಿವುಟಿ ಹಿಡಿದು ಚುಚ್ಚುತ್ತಾರೆ. ಆಮೇಲೆ ಆ ಜಾಗ ತಿಕ್ಕಬೇಡಿ, ನೀಲಿಗಟ್ಟುತ್ತದೆ. ರಕ್ತಸ್ರಾವ ಸ್ವಲ್ಪ ಹೆಚ್ಚಬಹುದು. ಕಿಡ್ನಿ ತೊಂದರೆಯಿದ್ದರೆ ಡೋಸ್ ಬದಲಾಗುತ್ತದೆ. ಅಂದಹಾಗೆ, ಇದು ಹಂದಿಯ ಕರುಳಿನ ಮೂಲದ ಔಷಧ. ಅಭ್ಯಂತರವಿದ್ದರೆ ಮೊದಲೇ ಹೇಳಿ.

ಹೆಪ್ಪುಗಟ್ಟುವ ಅಪಾಯವನ್ನು ಅಂಕಗಳಲ್ಲಿ ಅಳೆಯುವ ಕ್ಯಾಪ್ರಿನಿ ಲೆಕ್ಕದಲ್ಲಿ (ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು) 45 ನಿಮಿಷ ಮೀರಿದ ಲ್ಯಾಪ್ರೋಸ್ಕೋಪಿಗೆ 2 ಅಂಕ, ಹಿಂದೆ ಹೆಪ್ಪುಗಟ್ಟಿದ್ದರೆ 3. ಚಿಕ್ಕ ವಯಸ್ಸು, ಸಣ್ಣ ಆಪರೇಷನ್, ಸಂಜೆಗೇ ಎದ್ದು ಓಡಾಡುವವರಿಗೆ ಪಂಪು ಸಾಕೆಂದೇ ನನ್ನ ಅನಿಸಿಕೆ. ಕ್ಯಾನ್ಸರ್ ಇದ್ದವರು ಸೂಜಿಗೆ ಹಿಂಜರಿಯಬಾರದು. ಕೆಲವರಿಗೆ 4 ವಾರ ಬೇಕಾಗುತ್ತದೆ. ಎಷ್ಟೋ ಸಲ ವೈದ್ಯರು ಎರಡನ್ನೂ ಕೊಡುತ್ತಾರೆ.

ಯಾವುದನ್ನೇ ಆರಿಸಿ, ಒಂದೇ ಕಾಲು ಊದಿ ನೋಯುತ್ತಿದ್ದರೆ, ಏಕಾಏಕಿ ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೊರಡಿ.