ಸಂದರ್ಶನಗಳ ಕೋಡಿಂಗ್‌ಗೆ ಎಐ: ಎರಡು ವರ್ಷ ಬಳಸಿದ ಮೇಲಿನ ವಿಮರ್ಶೆ

ಇಲ್ಲಿ ವಿಮರ್ಶಿಸುತ್ತಿರುವುದು ಒಂದೇ ಆ್ಯಪ್ ಅಲ್ಲ, ಎರಡು ಸಲಕರಣೆಗಳ ಜೋಡಿ. ಸಂದರ್ಶನದ ಧ್ವನಿಯನ್ನು ಬರಹಕ್ಕಿಳಿಸಲು ವಿಸ್ಪರ್, ಆ ಬರಹಕ್ಕೆ ಕೋಡ್ (ಒಂದೊಂದು ತುಣುಕು ಯಾವ ವಿಷಯದ್ದೆಂದು ತೋರಿಸುವ ಗುರುತು) ಹಚ್ಚಲು ಚಾಟ್‌ಜಿಪಿಟಿಯಂಥ ದೊಡ್ಡ ಭಾಷಾ ಮಾದರಿ. ನಲವತ್ತು-ಅರವತ್ತು ಸಂದರ್ಶನ, ತಲಾ ಒಂದು ಗಂಟೆ, ಇಪ್ಪತ್ತು-ಮೂವತ್ತು ಕೋಡ್ ಇರುವ ಮಧ್ಯಮ ಗಾತ್ರದ ಗುಣಾತ್ಮಕ ಸಂಶೋಧನೆಯನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ತೀರ್ಪು ಮೊದಲೇ ಬೇಕಿದ್ದರೆ: ಟೈಪಿಂಗ್‌ನಲ್ಲಿ ಉಳಿಯುವ ಸಮಯವೆಲ್ಲ ಕೋಡ್‌ಬುಕ್ (ಯಾವ ಕೋಡ್ ಯಾವಾಗ ಹಚ್ಚಬೇಕೆಂಬ ನಿಯಮಗಳ ಪಟ್ಟಿ) ತಿದ್ದುವುದಕ್ಕೆ ಹೋಗುತ್ತದೆ. ಹಾಗೆ ಹೋಗುತ್ತಿಲ್ಲ ಎಂದಾದರೆ ಯಂತ್ರ ಹೇಳಿದ್ದನ್ನು ಯಾರೂ ಪರೀಕ್ಷಿಸುತ್ತಿಲ್ಲ ಎಂದರ್ಥ.

ಧ್ವನಿಯಿಂದ ಬರಹಕ್ಕೆ

ಒಂದು ಗಂಟೆಯ ಮಾತನ್ನು ಕೇಳಿ ಟೈಪ್ ಮಾಡಲು ಕೈ ಪಳಗಿದವರಿಗೂ ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. ವಿಸ್ಪರ್‌ನ ಲಾರ್ಜ್ ಮಾದರಿಗೆ ಸುಮಾರು 10 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದು ನಿಮಿಷಗಳ ಕೆಲಸ. ಮೀಡಿಯಂ ಮಾದರಿಗೆ 5 ಜಿಬಿ ಸಾಕು, ಆದರೆ ತಪ್ಪು ಹೆಚ್ಚು. ಆಮೇಲೆ ಧ್ವನಿ ಕೇಳುತ್ತಾ ತಿದ್ದಬೇಕು: ಧ್ವನಿಮುದ್ರಣ ಸ್ಪಷ್ಟವಾಗಿದ್ದರೆ ಒಂದೂವರೆ ಗಂಟೆ, ಗದ್ದಲವಿದ್ದರೆ ಮೂರು ಗಂಟೆ. ತಿದ್ದದೆ ಬಿಟ್ಟ ಟ್ರಾನ್ಸ್‌ಕ್ರಿಪ್ಟ್ ಓದಲು ಬಲು ಚೆನ್ನಾಗಿರುತ್ತದೆ. ಅಪಾಯ ಇರುವುದೇ ಅಲ್ಲಿ.

ವಿಸ್ಪರ್ ಧ್ವನಿಯನ್ನು 30 ಸೆಕೆಂಡಿನ ತುಂಡುಗಳಾಗಿ ಓದುತ್ತದೆ. ಮಾತಿಲ್ಲದ ಜಾಗ ಸಿಕ್ಕರೆ ಸುಮ್ಮನೆ ಇರುವ ಬದಲು ಅಲ್ಲಿ ಏನಾದರೂ ತುಂಬುವ ಚಾಳಿ ಅದಕ್ಕಿದೆ. 2024ರಲ್ಲಿ ಅಲಿಸನ್ ಕೊನೆಕೆ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷಿಸಿದ ತುಣುಕುಗಳ ಪೈಕಿ ಸುಮಾರು ಶೇ. 1ರಲ್ಲಿ ಯಾರೂ ಆಡದ ಮಾತುಗಳೇ ಸೇರಿಕೊಂಡಿದ್ದವು. ಮಾತಿನ ನಡುವೆ ಹೆಚ್ಚು ತಡೆದು ನಿಲ್ಲುವವರ ಧ್ವನಿಯಲ್ಲಿ ಇದು ಹೆಚ್ಚು. ಸಂದರ್ಶನದಲ್ಲಿ ಜನ ತಡೆದು ನಿಲ್ಲುವುದು ಎಲ್ಲಿ? ನೋವಿನ, ನಾಚಿಕೆಯ, ಭಯದ ಪ್ರಶ್ನೆ ಬಂದಾಗ. ಅಂದರೆ ಸಂಶೋಧಕರಿಗೆ ಅತಿ ಮುಖ್ಯವಾದ ಜಾಗದಲ್ಲೇ ಯಂತ್ರ ಕತೆ ಕಟ್ಟುವ ಸಾಧ್ಯತೆ ಜಾಸ್ತಿ.

ಪರಿಹಾರ ಪೂರ್ತಿ ಇಲ್ಲ, ಬಹುಪಾಲು ಇದೆ. ಮೊದಲು ಮಾತಿರುವ ಭಾಗಗಳನ್ನಷ್ಟೇ ಆರಿಸಿಕೊಡುವ ಧ್ವನಿ ಪತ್ತೆ ಸಾಧನವನ್ನು ಮುಂದಿಡಿ. ಹಿಂದಿನ ತುಂಡಿನ ಬರಹವನ್ನು ನೋಡಿಕೊಂಡು ಮುಂದಿನದನ್ನು ಬರೆಯುವ ಆಯ್ಕೆಯನ್ನು ಆಫ್ ಮಾಡಿ. ಅದು ಆನ್ ಇದ್ದರೆ ಒಂದೇ ವಾಕ್ಯ ಹತ್ತು ಸಲ ಮರುಕಳಿಸುವ ರೋಗ ಬೇಗ ಅಂಟುತ್ತದೆ. ಯಾರ ಮಾತು ಯಾವುದು ಎಂದು ವಿಸ್ಪರ್ ತಾನಾಗಿ ಹೇಳುವುದಿಲ್ಲ, ಅದಕ್ಕೆ ಪ್ಯಾನೋಟ್‌ನಂಥ ಇನ್ನೊಂದು ಸಾಧನ ಬೇಕು. ಇಬ್ಬರು ಒಟ್ಟಿಗೆ ಮಾತಾಡಿದರೆ ಅದೂ ಕೈಚೆಲ್ಲುತ್ತದೆ. ಗುಂಪು ಚರ್ಚೆಯ ಧ್ವನಿಮುದ್ರಣಕ್ಕೆ ಈ ಜೋಡಿಯನ್ನು ನಂಬಬೇಡಿ; ಒಬ್ಬೊಬ್ಬರಿಗೂ ಪ್ರತ್ಯೇಕ ಮೈಕ್ ಕೊಟ್ಟಿದ್ದರೆ ಮಾತು ಬೇರೆ.

ಇನ್ನೊಂದು ದೋಷ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ: ಇದು ಮಾತನ್ನು ಇಸ್ತ್ರಿ ಮಾಡುತ್ತದೆ. 'ಮ್', 'ಅದೂ ಅದೂ', ಅರ್ಧಕ್ಕೆ ಬಿಟ್ಟು ಮತ್ತೆ ಶುರು ಮಾಡಿದ ವಾಕ್ಯ, ಎಲ್ಲವೂ ಮಾಯ. ಆಡುನುಡಿಯನ್ನು ಪುಸ್ತಕದ ನುಡಿಗೆ ತಿರುಗಿಸಿಬಿಡುವುದೂ ಉಂಟು, 'ಹೋಗ್ಯಾನ' ಎಂದದ್ದು 'ಹೋಗಿದ್ದಾನೆ' ಆಗುವ ಹಾಗೆ. ಮೂಲ ಮಾದರಿಗೆ ಉಣಿಸಿದ 6,80,000 ಗಂಟೆ ಧ್ವನಿಯಲ್ಲಿ ಇಂಗ್ಲಿಷ್ ಬಿಟ್ಟು ಉಳಿದ 96 ಭಾಷೆಗಳಿಗೆ ಸೇರಿದ್ದು ಒಟ್ಟು 1,17,000 ಗಂಟೆ. ಚಿಕ್ಕ ಪಾಲಿನ ಭಾಷೆಗಳ ಉಪಭಾಷೆಗಳಿಗೆ ಅಲ್ಲಿ ಎಷ್ಟು ಉಳಿದೀತು! ಜನ ಏನು ಹೇಳಿದರು ಎಂದು ನೋಡುವ ವಿಷಯವಾರು ವಿಶ್ಲೇಷಣೆಗೆ ಇದರಿಂದ ದೊಡ್ಡ ನಷ್ಟವಿಲ್ಲ. ಹೇಗೆ ಹೇಳಿದರು ಎಂದು ನೋಡುವ ಮಾತುಕತೆಯ ವಿಶ್ಲೇಷಣೆ ಮಾಡುವವರಿಗೆ ಮಾತ್ರ ಇದು ಕೆಲಸಕ್ಕೆ ಬಾರದು. ವಿರಾಮವನ್ನು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಗುರುತಿಸುವ ಗೇಲ್ ಜೆಫರ್ಸನ್ ಪದ್ಧತಿಗೆ ಬೇಕಾದದ್ದನ್ನೇ ಇದು ಗುಡಿಸಿ ಹಾಕುತ್ತದೆ.

ಕೋಡಿಂಗ್

ಜಾಹೀರಾತಿನ ಧಾಟಿಯಲ್ಲಿ ಹೆಚ್ಚಾಗಿ ಕೇಳಿಬರುವುದು 2023ರ ಗಿಲಾರ್ಡಿ, ಅಲಿಜಾದೆ, ಕುಬ್ಲಿ ಅವರ ಫಲಿತಾಂಶ: ಬರಹಕ್ಕೆ ಗುರುತು ಹಚ್ಚುವುದರಲ್ಲಿ ಚಾಟ್‌ಜಿಪಿಟಿ ಆನ್‌ಲೈನ್ ಕೂಲಿ ಕೆಲಸಗಾರರಿಗಿಂತ ಸರಾಸರಿ 25 ಶೇಕಡಾ ಅಂಶ ಹೆಚ್ಚು ನಿಖರ. ಸರಿಯೇ. ಆದರೆ ಅಲ್ಲಿದ್ದದ್ದು ಟ್ವೀಟ್‌ಗಳು ಮತ್ತು ಸುದ್ದಿ ಬರಹಗಳು. ಟ್ವೀಟ್ ಬರೆಯುವವರು ಹೇಳಬೇಕಾದ್ದನ್ನು ಹೇಳಿಯೇ ಬಿಡುತ್ತಾರೆ. ಸಂದರ್ಶನದಲ್ಲಿ ಜನ ಸುತ್ತಿ ಬಳಸಿ ಮಾತಾಡುತ್ತಾರೆ.

ಒಂದು ಉದಾಹರಣೆ ಹತ್ತಿರದಿಂದ ನೋಡಿ. ಪ್ರಶ್ನೆ: 'ಮನೆ ಖರ್ಚು ಹೇಗೆ ನಡೆಯುತ್ತೆ?' ಉತ್ತರ: 'ಮಗ ಕಳಿಸ್ತಾನೆ. ನಾನಂತೂ ಕೇಳೋಕೆ ಹೋಗಲ್ಲ.' ಕೋಡ್‌ಬುಕ್‌ನಲ್ಲಿ 'ಕುಟುಂಬದ ಆರ್ಥಿಕ ನೆರವು' ಮತ್ತು 'ಸ್ವಾಭಿಮಾನದ ರಕ್ಷಣೆ' ಎರಡೂ ಇವೆ ಅನ್ನಿ. ಯಂತ್ರ ಮೊದಲನೆಯದನ್ನು ಹಚ್ಚಿ ಮುಂದೆ ಹೋಗುತ್ತದೆ. ಎರಡನೆಯ ವಾಕ್ಯಕ್ಕಾಗಿಯೇ ಆ ತುಣುಕನ್ನು ಓದುವ ಸಂಶೋಧಕರು ಎರಡೂ ಹಚ್ಚುತ್ತಾರೆ. ಯಂತ್ರಕ್ಕೆ ಇದು ಕಾಣದಿರಲು ಕಾರಣ ಕೋಡ್‌ಬುಕ್‌ನಲ್ಲಿದ್ದ ಬರಹ: 'ಸ್ವಾಭಿಮಾನದ ಬಗ್ಗೆ ಮಾತಾಡಿದಾಗ' ಎಂದಷ್ಟೇ ಇತ್ತು, ಆ ವ್ಯಕ್ತಿ ಸ್ವಾಭಿಮಾನ ಎಂಬ ಪದವನ್ನೇ ಎತ್ತಲಿಲ್ಲ. ಅದನ್ನು ಹೀಗೆ ತಿದ್ದಿದರೆ ಫಲ ಬೇರೆ: 'ನೆರವು ಪಡೆಯುವ ಮಾತಿನ ಜೊತೆಗೇ, ತಾನು ಬೇಡಿಲ್ಲ, ಹೊರೆಯಲ್ಲ, ಹಿಂದಿರುಗಿಸುತ್ತೇನೆ ಎಂಬ ಅರ್ಥದ ಮಾತು ಬಂದರೆ ಹಚ್ಚಿ. ನೆರವಿನ ಮಾತೇ ಇಲ್ಲದೆ ಬರಿಯ ಹೆಮ್ಮೆ ಇದ್ದರೆ ಹಚ್ಚಬೇಡಿ.' ಇದರ ಕೆಳಗೆ ಹಚ್ಚಬೇಕಾದ ಎರಡು ಉದಾಹರಣೆ, ಹಚ್ಚಬಾರದ ಎರಡು ಉದಾಹರಣೆ. ಹಚ್ಚಬಾರದವುಗಳೇ ಹೆಚ್ಚು ಕೆಲಸ ಮಾಡುತ್ತವೆ. ಇಂಥ ಗೆರೆಗಳನ್ನು ಇಬ್ಬರು ಸಂಶೋಧಕರು ಬಾಯಿಮಾತಿನಲ್ಲೇ ಹೊಂದಿಸಿಕೊಂಡು ಹೋಗುತ್ತಿದ್ದರು, ಕಾಗದಕ್ಕೆ ಇಳಿಯುತ್ತಿರಲಿಲ್ಲ. ಯಂತ್ರದಿಂದ ಸಿಕ್ಕ ನಿಜವಾದ ಲಾಭ ಇದೇ ಇರಬಹುದು.

ಕೆಲಸ ಕೊಡುವ ಬಗೆ: ತುಣುಕು 150ರಿಂದ 250 ಪದ, ಮೊದಲಿಗೆ ಸಂದರ್ಶಕರ ಪ್ರಶ್ನೆ ಇರಲೇಬೇಕು. ಪ್ರಶ್ನೆ ಕತ್ತರಿಸಿ ಹೋದರೆ 'ಹೌದು, ಹಾಗೇ' ಎಂಬ ಉತ್ತರಕ್ಕೆ ಯಂತ್ರ ತನ್ನದೇ ಪ್ರಶ್ನೆ ಊಹಿಸುತ್ತದೆ. ಇಡೀ ಸಂದರ್ಶನವನ್ನು ಒಮ್ಮೆಗೇ ಸುರಿಯಬೇಡಿ. ಉದ್ದದ ಬರಹದ ನಡುಭಾಗವನ್ನು ಈ ಮಾದರಿಗಳು ಕಡೆಗಣಿಸುವುದು ಗೊತ್ತಿರುವ ದೋಷ. ಮೂವತ್ತು ಕೋಡ್ ಒಟ್ಟಿಗೆ ಕೇಳಿದರೆ ಪಟ್ಟಿಯ ಮೇಲಿನವೇ ಹೆಚ್ಚು ಹತ್ತುತ್ತವೆ, ಆದ್ದರಿಂದ ಒಂದು ಸಲಕ್ಕೆ ಒಂದೇ ಕೋಡ್, ಹೆಚ್ಚೆಂದರೆ ಮೂರು. ಉತ್ತರ ಮೂರರಲ್ಲಿ ಒಂದು: ಹೌದು, ಇಲ್ಲ, ಹೇಳಲಾಗದು. ಮೂರನೆಯದು ಇಲ್ಲದಿದ್ದರೆ ಅನುಮಾನದ ತುಣುಕುಗಳೆಲ್ಲ 'ಹೌದು' ಕಡೆಗೆ ವಾಲುತ್ತವೆ. 'ಹೌದು' ಎಂದಾಗ ಆಧಾರದ ವಾಕ್ಯವನ್ನು ಇದ್ದಂತೆಯೇ ಎತ್ತಿ ಕೊಡಲು ಹೇಳಿ, ಅದು ಮೂಲದಲ್ಲಿ ಅಕ್ಷರಕ್ಕಕ್ಷರ ಇದೆಯೇ ಎಂದು ಒಂದು ಸಣ್ಣ ಸ್ಕ್ರಿಪ್ಟ್‌ನಿಂದ ಹುಡುಕಿಸಿ. ಈ ಒಂದು ಹೆಜ್ಜೆ ಬಿಟ್ಟರೆ, ಪ್ರಬಂಧದಲ್ಲಿ ಉದ್ಧರಣ ಚಿಹ್ನೆಯೊಳಗೆ ಯಾರೂ ಆಡದ ಸುಂದರ ವಾಕ್ಯ ಅಚ್ಚಾಗುವ ದಿನ ದೂರವಿಲ್ಲ.

ಅಂಕಿಯ ಮೋಸ

ಮನುಷ್ಯರ ಮತ್ತು ಯಂತ್ರದ ಕೋಡಿಂಗ್ ನಡುವೆ 'ಶೇ. 90 ಹೊಂದಾಣಿಕೆ' ಎಂದು ಬರೆದ ವರದಿ ಕಂಡರೆ ಅಲ್ಲೇ ನಿಲ್ಲಿ. 200 ತುಣುಕು ಇವೆ, ಮನುಷ್ಯರು 20ಕ್ಕೆ ಕೋಡ್ ಹಚ್ಚಿದ್ದಾರೆ ಎನ್ನಿ. ಯಂತ್ರ ಎಲ್ಲಕ್ಕೂ 'ಇಲ್ಲ' ಎಂದರೂ ಹೊಂದಾಣಿಕೆ ಶೇ. 90. ಆಕಸ್ಮಿಕ ಹೊಂದಾಣಿಕೆಯನ್ನು ಕಳೆದು ಅಳೆಯುವ ಕೊಹೆನ್‌ರ ಕಪ್ಪಾ (1 ಎಂದರೆ ಪೂರ್ಣ ಹೊಂದಾಣಿಕೆ) ಲೆಕ್ಕ ಹಾಕಿದರೆ ಸೊನ್ನೆ. ಈಗ ಯಂತ್ರ 30ಕ್ಕೆ 'ಹೌದು' ಎಂದು, ಅದರಲ್ಲಿ 15 ಸರಿ ಎನ್ನಿ: ಹೊಂದಾಣಿಕೆ ಮತ್ತೆ ಶೇ. 90, ಕಪ್ಪಾ 0.55. ಹಚ್ಚಿದ್ದರಲ್ಲಿ ಅರ್ಧ ತಪ್ಪು, ಹಚ್ಚಬೇಕಾದ 20ರಲ್ಲಿ 5 ತಪ್ಪಿಹೋಗಿವೆ. ಅಪರೂಪದ ಕೋಡ್‌ಗಳಿಗೆ ಕಪ್ಪಾ ಒಂದೇ ಸಾಲದು. ಹಚ್ಚಿದ್ದರಲ್ಲಿ ಎಷ್ಟು ಸರಿ, ಹಚ್ಚಬೇಕಾದ್ದರಲ್ಲಿ ಎಷ್ಟು ಸಿಕ್ಕಿತು ಎಂಬ ಎರಡು ಲೆಕ್ಕಗಳನ್ನೂ ಕೋಡ್‌ವಾರು ಕೊಡಬೇಕು. ಎಲ್ಲ ಕೋಡ್‌ಗಳ ಸರಾಸರಿ ಕೊಡುವುದು ಕೆಟ್ಟ ಕೋಡ್‌ಗಳನ್ನು ಒಳ್ಳೆಯವುಗಳ ಹಿಂದೆ ಬಚ್ಚಿಡುವ ಉಪಾಯ. ಕಪ್ಪಾದಂಥದ್ದೇ ಇನ್ನೊಂದು ಅಳತೆಯಾದ ಕ್ರಿಪೆನ್‌ಡಾರ್ಫ್ ಅಲ್ಫಾ ಬಳಸುವವರಿಗೆ 0.80 ಭರವಸೆಯ ಮಟ್ಟ, 0.667ರ ಕೆಳಗೆ ಕೈಬಿಡುವುದೇ ವಾಸಿ.

ಪರೀಕ್ಷೆಯ ತುಣುಕುಗಳನ್ನು ಯಾದೃಚ್ಛಿಕವಾಗಿ, ಚೀಟಿ ಎತ್ತಿದ ಹಾಗೆ, ಆರಿಸಿರಬೇಕು: ಕನಿಷ್ಠ 200 ತುಣುಕು, ಇಬ್ಬರು ಮನುಷ್ಯರು ಯಂತ್ರದ ಉತ್ತರ ನೋಡದೆ ಕೋಡ್ ಮಾಡಿದ್ದು. ನೋಡಿ ಮಾಡಿದರೆ ಒಪ್ಪಿಕೊಳ್ಳುವ ಮನಸ್ಸಾಗುತ್ತದೆ. ಪ್ರಾಂಪ್ಟ್ (ಯಂತ್ರಕ್ಕೆ ಬರೆದು ಕೊಡುವ ಸೂಚನೆ) ತಿದ್ದಲು ಬಳಸಿದ ತುಣುಕುಗಳನ್ನೇ ಪರೀಕ್ಷೆಗೆ ಬಳಸುವುದು ಪ್ರಶ್ನೆಪತ್ರಿಕೆ ಮೊದಲೇ ಕೊಟ್ಟ ಹಾಗೆ.

ಕೋಡ್‌ಗಳ ಎಣಿಕೆಯನ್ನು ಮುಂದೆ ಅಂಕಿಅಂಶದ ಮಾದರಿಗೆ ಹಾಕುವವರಿಗೆ ಇನ್ನೂ ಒಂದು ಎಚ್ಚರಿಕೆ. ಯಂತ್ರದ ತಪ್ಪು ಎಲ್ಲ ಗುಂಪುಗಳಿಗೂ ಸಮನಾಗಿ ಹಂಚಿಕೊಂಡಿರುವುದಿಲ್ಲ. ಸುತ್ತಿ ಬಳಸಿ ಮಾತಾಡುವ ಗುಂಪಿನಲ್ಲಿ ಕೋಡ್ ಹೆಚ್ಚು ತಪ್ಪಿಹೋದರೆ, ಎರಡು ಗುಂಪುಗಳ ನಡುವೆ ಇಲ್ಲದ ವ್ಯತ್ಯಾಸ 'ಮಹತ್ವದ' ಫಲಿತಾಂಶವಾಗಿ ಹೊರಬರುತ್ತದೆ. ಶೇ. 80-90 ನಿಖರತೆ ಇದ್ದರೂ ತೀರ್ಮಾನ ವಾಲಬಹುದೆಂದು ನವೋಕಿ ಎಗಾಮಿ ಮತ್ತು ಸಂಗಡಿಗರು 2023ರಲ್ಲಿ ತೋರಿಸಿ, ಯಾದೃಚ್ಛಿಕವಾಗಿ ಆರಿಸಿ ಮನುಷ್ಯರು ಕೋಡ್ ಮಾಡಿದ ತುಣುಕುಗಳ ನೆರವಿನಿಂದ ಆ ವಾಲಿಕೆಯನ್ನು ಸರಿಪಡಿಸುವ ವಿಧಾನವನ್ನೂ ಕೊಟ್ಟಿದ್ದಾರೆ. ಆ 200 ತುಣುಕುಗಳ ಶ್ರಮ ಹೀಗೆ ಎರಡು ಸಲ ಉಪಯೋಗಕ್ಕೆ ಬರುತ್ತದೆ.

ಮನುಷ್ಯರ ಬದಲು ಯಂತ್ರವನ್ನೇ ಕೇಳುವುದು

ಭಾಷಾ ಮಾದರಿಯ ಇದೇ ಚಂದಾದಲ್ಲಿ ಸಿಗುವ ಇನ್ನೊಂದು 'ಸೌಲಭ್ಯ' ಕೃತಕ ಉತ್ತರದಾರರು. ವಯಸ್ಸು, ಲಿಂಗ, ಶಿಕ್ಷಣ ಕೊಟ್ಟು ಆ ವ್ಯಕ್ತಿಯಂತೆ ಉತ್ತರಿಸು ಎನ್ನುವುದು. ಅಮೆರಿಕದ ಚುನಾವಣಾ ಸಮೀಕ್ಷೆಯ ದತ್ತಾಂಶದ ಮೇಲೆ ಜಿಪಿಟಿ-3 ಬಳಸಿ 2023ರಲ್ಲಿ ಲೀಸಾ ಆರ್ಗೈಲ್ ತಂಡ ಉತ್ತೇಜಕ ಫಲಿತಾಂಶ ಕೊಟ್ಟಿತು. ಮರುವರ್ಷವೇ ಜೇಮ್ಸ್ ಬಿಸ್ಬಿ ತಂಡ ಅದರ ಮಿತಿ ತೋರಿಸಿತು: ಸರಾಸರಿ ಹತ್ತಿರ ಬರುತ್ತದೆ, ಹರವು (ಒಬ್ಬರಿಂದೊಬ್ಬರಿಗೆ ಉತ್ತರ ಬೇರೆಯಾಗುವ ಮಟ್ಟ) ಬರುವುದಿಲ್ಲ, ಪ್ರಾಂಪ್ಟ್‌ನಲ್ಲಿ ಒಂದೆರಡು ಪದ ಬದಲಾದರೆ, ಅಥವಾ ಅದೇ ಪ್ರಾಂಪ್ಟನ್ನು ಮೂರು ತಿಂಗಳ ನಂತರ ಓಡಿಸಿದರೆ ಉತ್ತರ ಬೇರೆ. ಸಮಾಜಶಾಸ್ತ್ರ ಹುಡುಕುವುದೇ ಆ ಹರವನ್ನು, ಗುಂಪಿನೊಳಗೆ ಗುಂಪಿನಂತೆ ಇಲ್ಲದವರನ್ನು. ಹಾಗಾಗಿ ಪ್ರಶ್ನಾವಳಿಯ ಗೊಂದಲದ ಪ್ರಶ್ನೆಗಳನ್ನು ಮೊದಲೇ ಹಿಡಿಯಲು ಬಳಸಿ, ದತ್ತಾಂಶ ಎಂದು ಕರೆಯಬೇಡಿ. ಹಿಂದಿನ ಸಂಶೋಧನೆಗಳ ಸಮೀಕ್ಷೆಗೂ ಇದೇ ಜಾಗ್ರತೆ: ಯಂತ್ರ ಕೊಟ್ಟ ಪ್ರತಿ ಉಲ್ಲೇಖವನ್ನೂ ಮೂಲದಲ್ಲಿ ತೆರೆದು ನೋಡದೆ ಬಳಸುವಂತಿಲ್ಲ.

ಗೋಪ್ಯತೆ

ಹೆಸರು ತೆಗೆದರೆ ಸಾಕು ಎನ್ನುವವರು ಇನ್ನೂ ಇದ್ದಾರೆ. 'ಡಿಪೋದಲ್ಲಿ ನಾನೊಬ್ಬಳೇ ಮಹಿಳಾ ಡ್ರೈವರ್' ಎಂಬ ಒಂದು ವಾಕ್ಯ ಸಾಕು, ಹೆಸರೇ ಬೇಡ. ಒಪ್ಪಿಗೆ ಪತ್ರದಲ್ಲಿ ಹೊರಗಿನ ಕಂಪನಿಯ ಸರ್ವರ್‌ಗೆ ಮಾತು ಹೋಗುತ್ತದೆ ಎಂದು ಬರೆದಿಲ್ಲದಿದ್ದರೆ ಕಳಿಸುವ ಹಕ್ಕು ಸಂಶೋಧಕರಿಗಿಲ್ಲ. ವಿಸ್ಪರ್ ಸ್ವಂತ ಕಂಪ್ಯೂಟರ್‌ನಲ್ಲೇ, ಇಂಟರ್ನೆಟ್ ಇಲ್ಲದೆ ಓಡುತ್ತದೆ. ಕೋಡಿಂಗ್‌ಗೂ ಲಾಮಾ, ಮಿಸ್ಟ್ರಲ್, ಕ್ವೆನ್‌ನಂಥ ಇಳಿಸಿಕೊಳ್ಳಬಹುದಾದ ಮಾದರಿಗಳಿವೆ. ಸಣ್ಣ ಭಾಷೆಗಳಲ್ಲಿ ಅವುಗಳ ಗುಣಮಟ್ಟ ಸೇವಾ ಕಂಪನಿಗಳ ದೊಡ್ಡ ಮಾದರಿಗಳಿಗಿಂತ ಕಡಿಮೆ, ನಿಜ. ಸೂಕ್ಷ್ಮ ವಿಷಯಗಳಿಗೆ ಆ ಕೊರತೆಯನ್ನು ಸಹಿಸಿಕೊಳ್ಳುವುದೇ ಮೇಲು.

ಆವೃತ್ತಿಯ ತಲೆನೋವು

ಟೆಂಪರೇಚರ್ (ಉತ್ತರ ಎಷ್ಟು ಬದಲಾಗಬಹುದೆಂದು ನಿಗದಿಪಡಿಸುವ ಸೆಟ್ಟಿಂಗ್) ಸೊನ್ನೆಗೆ ಇಟ್ಟರೂ ಉತ್ತರ ಪ್ರತಿ ಸಲ ಒಂದೇ ಬರುವ ಖಾತ್ರಿ ಇಲ್ಲ. ಸರ್ವರ್‌ನಲ್ಲಿ ನಿಮ್ಮ ಕೋರಿಕೆ ಇತರರ ಕೋರಿಕೆಗಳೊಂದಿಗೆ ಗುಂಪಾಗಿ ಓಡುವಾಗ ದಶಾಂಶ ಲೆಕ್ಕಾಚಾರದ ಸಣ್ಣ ಏರುಪೇರು ಪದದ ಆಯ್ಕೆಯನ್ನೇ ತಿರುಗಿಸಬಲ್ಲದು. ಪ್ರತಿ ತುಣುಕನ್ನೂ ಮೂರು ಸಲ ಓಡಿಸಿ, ಮೂರೂ ಒಪ್ಪದವುಗಳನ್ನು ಮನುಷ್ಯರ ಮೇಜಿಗೆ ಕಳಿಸಿ. ಇದಕ್ಕಿಂತ ದೊಡ್ಡ ತೊಂದರೆ, ಸೇವೆಯಾಗಿ ಸಿಗುವ ಮಾದರಿಗಳು ನಿವೃತ್ತವಾಗುತ್ತವೆ. ಪ್ರಬಂಧ ವಿಮರ್ಶಕರ ಕೈಯಿಂದ ಹಿಂದಿರುಗುವಷ್ಟರಲ್ಲಿ, ಕೋಡ್ ಮಾಡಿದ ಮಾದರಿ ಎಲ್ಲೂ ಸಿಗದಿರಬಹುದು. ಆದ್ದರಿಂದ ಮಾದರಿಯ ಪೂರ್ಣ ಹೆಸರು ಮತ್ತು ಆವೃತ್ತಿ, ಓಡಿಸಿದ ದಿನಾಂಕ, ಸೆಟ್ಟಿಂಗ್‌ಗಳು, ಪ್ರಾಂಪ್ಟ್‌ನ ಪೂರ್ಣ ಪಾಠ, ಕಚ್ಚಾ ಉತ್ತರಗಳು, ಎಲ್ಲವನ್ನೂ ಅವತ್ತೇ ಉಳಿಸಿಡಿ. ಯೋಜನೆಯ ನಡುವೆ ಆವೃತ್ತಿ ಬದಲಾದರೆ ಅದೇ 200 ತುಣುಕುಗಳನ್ನು ಮತ್ತೆ ಓಡಿಸಿ. ಯಾವುದೇ ಕೋಡ್‌ನ ಕಪ್ಪಾ 0.05ಕ್ಕಿಂತ ಹೆಚ್ಚು ಇಳಿದರೆ ಆ ಕೋಡನ್ನು ಮೊದಲ ಸಂದರ್ಶನದಿಂದಲೇ ಮರಳಿ ಮಾಡಬೇಕು, ಅರ್ಧ ಹಳೆಯದು ಅರ್ಧ ಹೊಸದು ಬೆರೆಸುವ ಹಾಗಿಲ್ಲ.