ಫೋನ್‌ಗೆ ಬೀಗ ಹಾಕೋ ಟೈಮರ್ ಡಬ್ಬಿ: ಎರಡೂವರೆ ತಿಂಗಳು ಬಳಸಿದ್ಮೇಲೆ ಬರೀತಿರೋದು

ಮೊದ್ಲೇ ಹೇಳ್ಬಿಡ್ತೀನಿ, ಇದನ್ನ ತರಿಸಿದ್ದು ನನಗಲ್ಲ, ಎಂಟನೇ ಕ್ಲಾಸ್ ಓದೋ ಮಗನಿಗೆ. ಪರೀಕ್ಷೆ ಹತ್ರ ಬಂದ್ರೂ ಗೇಮ್ ಬಿಡ್ತಿರ್ಲಿಲ್ಲ, ಬೈದು ಬೈದು ನನ್ನ ಗಂಟಲು ಹೋಗಿತ್ತು, ಆಗ ಈ ಡಬ್ಬಿ ಕಣ್ಣಿಗೆ ಬಿತ್ತು, 1,799 ರೂಪಾಯಿ ಕೊಟ್ಟು ಆರ್ಡರ್ ಮಾಡ್ದೆ. ಆರ್ಡರ್ ಮಾಡಿದ್ದು ರಾತ್ರಿ ಒಂದೂವರೆಗೆ, ಮಲ್ಕೊಂಡು ರೀಲ್ಸ್ ನೋಡ್ತಾ ಮಧ್ಯೆ ಬಂದ ಜಾಹೀರಾತಿಂದ. ಆವತ್ತು ಅದ್ರಲ್ಲಿ ನಗೋ ವಿಷ್ಯ ಇದೆ ಅಂತ ಹೊಳೀಲೇ ಇಲ್ಲ.

ಡಬ್ಬಿ ಏನಪ್ಪಾ ಅಂದ್ರೆ, ನಮ್ಮ ಮಧ್ಯಮ ಸೈಜಿನ ಟಿಫನ್ ಬಾಕ್ಸ್‌ಗಿಂತ ಸ್ವಲ್ಪ ದೊಡ್ಡದು, ಗಟ್ಟಿ ಪ್ಲಾಸ್ಟಿಕ್, ಮುಚ್ಚಳದ ಮೇಲೊಂದು ತಿರುಗಿಸೋ ಗುಂಡಿ. ತಿರುಗಿಸಿ ಟೈಮ್ ಇಟ್ಟು ಒಳಗೆ ಒತ್ತಿದ್ರೆ ಐದು ಸೆಕೆಂಡು ಟೈಮ್ ಕೊಡುತ್ತೆ, ಅಷ್ಟರೊಳಗೆ ಕ್ಯಾನ್ಸಲ್ ಮಾಡಿಲ್ಲ ಅಂದ್ರೆ ಒಳಗಿಂದ ಟಕ್ ಅಂತ ಕೊಂಡಿ ಬೀಳುತ್ತೆ, ಆಮೇಲೆ ಟೈಮ್ ಮುಗಿಯೋವರೆಗೂ ದೇವರು ಬಂದ್ರೂ ತೆಗೆಯಲ್ಲ. ಹಿಂದುಗಡೆ ಚಾರ್ಜರ್ ವೈರ್ ಹೋಗೋಕೆ ಒಂದು ತೂತು ಇದೆ, ಅದು ಉಪಯೋಗಕ್ಕೆ ಬಂತು. ಕೆಳಗಡೆ ಎರಡು ಸಣ್ಣ ಸೆಲ್.

ಮಗನ ಕೈಗೆ ಕೊಟ್ಟೆ. ಅವನು ಡಬ್ಬಿ ತಿರುಗಿಸಿ ಮುರುಗಿಸಿ ನೋಡಿ, "ಅಮ್ಮಾ, ನಿಂದು ಎಷ್ಟಿದೆ ತೋರ್ಸು ಮೊದ್ಲು" ಅಂದ. ಸೆಟ್ಟಿಂಗ್ಸ್‌ಗೆ ಹೋದ್ರೆ ದಿನಕ್ಕೆಷ್ಟು ಹೊತ್ತು ಫೋನ್ ನೋಡಿದ್ವಿ ಅಂತ ಲೆಕ್ಕ ತೋರ್ಸೋ ಡಿಜಿಟಲ್ ವೆಲ್‌ಬೀಯಿಂಗ್ ಅಂತ ಇರುತ್ತಲ್ಲ, ಆಂಡ್ರಾಯ್ಡ್‌ಗೆ 2018ರಿಂದ ಬಂದಿರೋದು, ಅದನ್ನ ನಾನು ಒಂದ್ಸಲಾನೂ ತೆಗ್ದಿರ್ಲಿಲ್ಲ. ಅವನದು ದಿನಕ್ಕೆ 2 ಗಂಟೆ 10 ನಿಮಿಷ. ನಂದು 6 ಗಂಟೆ 40 ನಿಮಿಷ, ಅನ್‌ಲಾಕ್ 143 ಸಲ. ನಮ್ಮ ಯಜಮಾನ್ರು ಪಕ್ಕದಲ್ಲೇ ಕೂತು ಪೇಪರ್ ಓದ್ತಿದ್ರು, ಏನೂ ಮಾತಾಡ್ಲಿಲ್ಲ, ಪೇಪರ್ ಮಾತ್ರ ಸ್ವಲ್ಪ ಮೇಲೆತ್ಕೊಂಡ್ರು.

ಸರಿ, ಅವತ್ತು ಸಂಜೆ ಆರರಿಂದ ಎಂಟು ಅಂತ ನನ್ನ ಫೋನನ್ನೇ ಒಳಗಿಟ್ಟೆ. ಅಡುಗೆಮನೇಲಿ ನನ್ನ ಫೋನು ಯಾವಾಗ್ಲೂ ಸಕ್ಕರೆ ಡಬ್ಬಿಗೆ ಒರಗಿಸಿ ಇರುತ್ತೆ. ಒಗ್ಗರಣೆಗೆ ಎಣ್ಣೆ ಇಟ್ಟು ಸಾಸಿವೆ ಹಾಕಿದೀನಿ, ಅದು ಸಿಡಿಯೋದ್ರೊಳಗೆ ಕೈ ಎರಡು ಸಲ ಆ ಕಡೆ ಹೋಗಿ ಖಾಲಿ ಬಂತು. ನಾನು ಹೋಗು ಅಂದಿಲ್ಲ, ಕೈ ತಾನಾಗೇ ಹೋಯ್ತು. ಇದೇನಪ್ಪಾ ಅಂತ ಗೋಡೆ ಕ್ಯಾಲೆಂಡರ್ ಮೇಲೆ ಪೆನ್ಸಿಲಲ್ಲಿ ಗೀಟು ಹಾಕ್ತಾ ಹೋದೆ, ಎಂಟು ಗಂಟೆಗೆ ಎಣಿಸಿದ್ರೆ 31 ಗೀಟು.

ನನ್ನ ಲೆಕ್ಕದಲ್ಲಿ ಈ ಡಬ್ಬಿ ದುಡ್ಡು ವಸೂಲಾಗಿದ್ದು ಆ ಗೀಟುಗಳಿಂದ್ಲೇ. ಒಂದು ವಾರ ಹಾಕಿದ್ಮೇಲೆ ಗೊತ್ತಾಗಿದ್ದು, ಸುಮ್ನೆ ಕೂತಾಗ ಅಷ್ಟೊಂದು ಗೀಟಿಲ್ಲ, ಆಫೀಸ್ ಗ್ರೂಪಲ್ಲಿ ಏನಾದ್ರೂ ಕಿರಿಕ್ ಆದ್ಮೇಲೆ, ಇಷ್ಟವಿಲ್ಲದ ಕೆಲ್ಸ ಶುರು ಮಾಡೋಕೆ ಮುಂಚೆ, ಊರಿಂದ ಅಮ್ಮನ ಶುಗರ್ ಜಾಸ್ತಿ ಆಗಿದೆ ಅಂತ ಫೋನ್ ಬಂದ್ಮೇಲೆ, ಅಲ್ಲೆಲ್ಲ ಒತ್ತೊತ್ತಾಗಿ ಗೀಟು. ಏನನ್ನೋ ತಪ್ಪಿಸ್ಕೋಬೇಕು ಅನ್ಸಿದಾಗ್ಲೇ ಕೈ ಓಡೋದು. ಅಮೆರಿಕಾದ ಕಿಂಬರ್ಲಿ ಯಂಗ್ ಅನ್ನೋ ಮನಶ್ಶಾಸ್ತ್ರಜ್ಞೆ ಇಂಟರ್‌ನೆಟ್ ಚಟಕ್ಕೇ ಅಂತ 20 ಪ್ರಶ್ನೆಗಳ ಒಂದು ಪರೀಕ್ಷೆ ಮಾಡಿದಾರೆ, ಅದನ್ನೂ ನೋಡ್ದೆ. ಅಂದ್ಕೊಂಡಿದ್ದಕ್ಕಿಂತ ಜಾಸ್ತಿ ಹೊತ್ತು ಕೂರ್ತೀರಾ, ಯಾರಾದ್ರೂ ಮಧ್ಯೆ ಮಾತಾಡ್ಸಿದ್ರೆ ರೇಗ್ತೀರಾ, ಎಷ್ಟು ಹೊತ್ತು ನೋಡಿದ್ರಿ ಅನ್ನೋದನ್ನ ಮುಚ್ಚಿಡ್ತೀರಾ, ಈ ಥರ. ಮುಚ್ಚಿಡೋ ಪ್ರಶ್ನೆ ಹತ್ರ ನಿಂತ್ಬಿಟ್ಟೆ, ಯಾಕಂದ್ರೆ ಬಾತ್‌ರೂಮಿಗೆ ಫೋನ್ ತಗೊಂಡು ಹೋಗಿ ನಲ್ಲಿ ಬಿಟ್ಕೊಂಡು ಕೂರೋದು ನಮ್ಮನೇಲಿ ನಾನೊಬ್ಳೇ.

ತಪ್ಪೆಲ್ಲ ನಮ್ದೇ ಅಂತಾನೂ ಅಲ್ಲ ಬಿಡಿ. ಪೇಪರ್‌ಗೆ ಕೊನೇ ಪುಟ ಇದೆ, ಧಾರಾವಾಹಿ ಕೂಡ ಅರ್ಧ ಗಂಟೆಗೆ ನಿಲ್ಲುತ್ತೆ, ರೀಲ್ಸ್‌ಗೆ ಎಲ್ಲಿದೆ ಕೊನೆ? ಹಿಂಗೆ ಕೊನೆಯಿಲ್ದಂಗೆ ಜಾರ್ತಾ ಹೋಗೋ ಪೇಜನ್ನ 2006ರಲ್ಲಿ ಮಾಡಿದ ಏಜಾ ರಾಸ್ಕಿನ್ ಅನ್ನೋರೇ ಆಮೇಲೆ ಯಾಕಾದ್ರೂ ಮಾಡಿದ್ನೋ ಅಂತ ಬಹಿರಂಗವಾಗಿ ಹೇಳ್ಕೊಂಡಿದಾರೆ.

ಇನ್ನು ದೂರುಗಳು. ಡಬ್ಬಿಗೆ ಬುದ್ಧಿ ಇಲ್ಲ, ಮೂರನೇ ದಿನಕ್ಕೇ ನಾನು ಲ್ಯಾಪ್‌ಟಾಪಲ್ಲಿ ವಾಟ್ಸಾಪ್ ಓಪನ್ ಮಾಡ್ಕೊಂಡು ಕೂತಿದ್ದೆ, ಒಳಗೆ ಫೋನು ಪಾಪ ಒಂಟಿ. ಎರಡನೇದು, ತುರ್ತಿಗೆ ತೆಗೆಯೋ ದಾರಿ ಇಲ್ಲ. ಅಮ್ಮ ಒಬ್ರೇ ಇರೋದು, ರಾತ್ರಿ ಫೋನ್ ಬಂದ್ರೆ? ಅದಕ್ಕೆ ಸಿಮ್ ತೆಗ್ದು ಹಳೇ ಕೀಪ್ಯಾಡ್ ಫೋನಿಗೆ ಹಾಕಿ ಹೊರಗಿಡ್ತೀನಿ, ವೈಫೈ ಫೋನ್ ಮಾತ್ರ ಡಬ್ಬಿಗೆ. ಮೂರನೇದು ಸೆಲ್. ಕಂಪನಿಯವ್ರು ಆರು ತಿಂಗಳು ಬರುತ್ತೆ ಅಂತ ಬರ್ದಿದಾರೆ, ನಂದು ಏಳನೇ ವಾರಕ್ಕೇ ಹೋಯ್ತು, ಅದೂ ಒಳಗೆ ಫೋನ್ ಇರೋವಾಗ, ಡಿಸ್‌ಪ್ಲೇ ಖಾಲಿ. ಮೂಲೆ ಅಂಗಡಿಗೆ ಓಡಿ ಎರಡು ಸಣ್ಣ ಸೆಲ್ ಕೇಳ್ದೆ, ಅಂಗಡಿಯವ್ರು ಕೊಟ್ಟು ಸ್ಕ್ಯಾನ್ ಮಾಡಿ ಮೇಡಂ ಅಂದ್ರು. ಯಾವುದರಿಂದ ಮಾಡ್ಲಿ? ಪರ್ಸಲ್ಲಿ ಐದು ರೂಪಾಯಿ ನಾಣ್ಯ ಬಿಟ್ರೆ ಏನಿಲ್ಲ. ಫೋನು ಡಬ್ಬೀಲಿ ಸಿಕ್ಕಾಕೊಂಡಿದೆ ಅಂತ ಹೇಳಿದ್ದಕ್ಕೆ ಅವ್ರು ಒಂದು ನಿಮಿಷ ನನ್ನ ಮುಖ ನೋಡಿ, ನೋಟ್‌ಬುಕ್ಕಲ್ಲಿ ಬರ್ಕೊಂಡ್ರು.

ಮಗನ ವಿಷ್ಯ ಕೇಳ್ತೀರಾ? ಬಲವಂತವಾಗಿ ಇಡ್ಸಿದ ದಿನ ಜಗಳ, ನಾನೂ ಇಟ್ಟ ದಿನ ಸುಮ್ನೆ ಇಟ್ಟ. ಮಕ್ಕಳಿಗೆ ಶಿಕ್ಷೆ ಅಂತ ತರಿಸೋರು ದಯವಿಟ್ಟು ತರಿಸ್ಬೇಡಿ. ನಿದ್ದೆ ಊಟ ಬಿಟ್ಟು ಆಡ್ತಿದ್ರೆ, ಸ್ಕೂಲಿಗೇ ಹೋಗಲ್ಲ ಅಂತಿದ್ರೆ, ಅದು ಡಬ್ಬಿ ಕೆಲ್ಸ ಅಲ್ಲ. ಗೇಮಿಂಗ್ ಡಿಸಾರ್ಡರ್‌ನ ವಿಶ್ವ ಆರೋಗ್ಯ ಸಂಸ್ಥೆಯವ್ರೇ ಕಾಯಿಲೆಗಳ ಪಟ್ಟಿಗೆ ಸೇರ್ಸಿದಾರೆ, ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ಬೆಂಗ್ಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಅಂತ ಶಟ್ ಕ್ಲಿನಿಕ್ 2014ರಲ್ಲೇ ಶುರುವಾಗಿದೆ, ದೂರದ ಊರಿನೋರು 14416ಕ್ಕೆ ಫೋನ್ ಮಾಡಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನವ್ರು ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೊಡ್ಬೇಕಿಲ್ಲ.

ಈಗ ನನ್ನ ಲೆಕ್ಕ ದಿನಕ್ಕೆ 4 ಗಂಟೆ ಹತ್ರ ಬಂದಿದೆ, ಭಾನುವಾರದ್ದು ಕೇಳ್ಬೇಡಿ. ಐದಕ್ಕೆ ಮೂರೂವರೆ ಸ್ಟಾರ್ ಕೊಡ್ತೀನಿ, ಒಂದೂವರೆ ಕಟ್ ಮಾಡಿದ್ದು ಸೆಲ್ಲಿಗೆ ಮತ್ತೆ ತುರ್ತಿಗೆ ತೆಗೆಯೋಕೆ ಆಗಲ್ಲ ಅನ್ನೋದಕ್ಕೆ. ತಗೊಳ್ಳೋರು ಜೊತೆಗೇ ಒಂದು ಪ್ಯಾಕ್ ಸೆಲ್ ತರಿಸ್ಕೊಳ್ಳಿ, ಪರ್ಸಲ್ಲಿ ಒಂದು ನೂರರ ನೋಟೂ ಇಟ್ಕೊಂಡಿರಿ.