ಮಸ್ಕತ್‌ನಲ್ಲಿ ಐಬಿಯೋ, ಎ ಲೆವೆಲ್ಲೋ? ಇಬ್ಬರು ಮಕ್ಕಳನ್ನು ಓದಿಸಿದ ಮೇಲೆ

ಐಬಿ ಅಂದರೆ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್, ಎ ಲೆವೆಲ್ ಅಂದರೆ ಬ್ರಿಟಿಷ್ ಪದ್ಧತಿ, ಎರಡೂ ನಮ್ಮ ಪಿಯುಸಿ ಮಟ್ಟದ ಎರಡು ವರ್ಷದ ಓದು. ನನ್ನ ಓಟು ಎ ಲೆವೆಲ್‌ಗೆ. ಐಬಿ ಕೆಟ್ಟದ್ದು ಅಂತಲ್ಲ, ನಮ್ಮಂಥ ಮನೆಗೆ ಅದು ಹೊಂದಲಿಲ್ಲ. ಮಗಳು ಐಬಿ ಡಿಪ್ಲೊಮಾ ಓದಿ 2023ರಲ್ಲಿ ಮುಗಿಸಿದಳು. ಮಗ ಕೇಂಬ್ರಿಡ್ಜ್‌ನ ಎ ಲೆವೆಲ್ ಓದಿ 2025ರಲ್ಲಿ ಮುಗಿಸಿದ. ಎರಡೂ ಮಸ್ಕತ್‌ನಲ್ಲೇ, ಬೇರೆ ಬೇರೆ ಇಂಟರ್‌ನ್ಯಾಷನಲ್ ಶಾಲೆಗಳಲ್ಲಿ. ಈಗ ನಾವು ಶಿವಮೊಗ್ಗಕ್ಕೆ ವಾಪಸ್ ಬಂದಿದ್ದೇವೆ. ಸಾಗರ, ಹೊಸನಗರ, ಕೊಪ್ಪದ ಕಡೆಯಿಂದ ಗಲ್ಫಿಗೆ ಹೊರಡುವ ನೆಂಟರೆಲ್ಲ ಫೋನ್ ಮಾಡಿ ಇದನ್ನೇ ಕೇಳುತ್ತಾರೆ, ಹಾಗಾಗಿ ಒಂದೇ ಸಲ ಬರೆದಿಡುತ್ತಿದ್ದೇನೆ.

ಮೊದಲೇ ಒಂದು ಮಾತು. ಅಲ್ಲಿ ಸಿಬಿಎಸ್‌ಇ ಕಲಿಸುವ ಇಂಡಿಯನ್ ಸ್ಕೂಲುಗಳಿವೆ, ನಮ್ಮ ಕಡೆಯವರು ಹೆಚ್ಚಾಗಿ ಅಲ್ಲಿಗೇ ಸೇರಿಸುತ್ತಾರೆ, ಖರ್ಚೂ ಕಡಿಮೆ. ನಮ್ಮವರ ಕಂಪನಿ ಆಗ ಮಕ್ಕಳ ಫೀಸು ಕಟ್ಟುತ್ತಿತ್ತು. ಪುಕ್ಕಟೆ ಸಿಕ್ಕಿದ್ದನ್ನು ಬಿಡುವುದು ಯಾಕೆ ಅಂತ ಮಗಳನ್ನು ಐಬಿ ಶಾಲೆಗೆ ಹಾಕಿದೆವು. ಮಗನ ಹೊತ್ತಿಗೆ ಕಂಪನಿ ಆ ಭತ್ಯೆಯನ್ನು ಅರ್ಧಕ್ಕೆ ಇಳಿಸಿತು. ಅವನು ಬ್ರಿಟಿಷ್ ಪಠ್ಯದ ಶಾಲೆಗೆ ಹೋದ.

ಎಷ್ಟು ಗಂಟೆ ಪಾಠ, ಹೇಗೆ ಅಂಕ ಎಂಬುದೆಲ್ಲ ಶಾಲೆಯವರು ಕೊಡುವ ಪುಸ್ತಿಕೆಯಲ್ಲೇ ಇರುತ್ತದೆ. ಇಲ್ಲಿಗೆ ಬೇಕಾದದ್ದು ಇಷ್ಟು: ಐಬಿಯಲ್ಲಿ ಆರು ವಿಷಯ ಕಡ್ಡಾಯ, ಅದರ ಮೇಲೆ ಇನ್ನೂ ಮೂರು ಕೆಲಸ (ಅವು ಯಾವುವು ಅಂತ ಮುಂದೆ ಹೇಳುತ್ತೇನೆ). ಎ ಲೆವೆಲ್‌ನಲ್ಲಿ ಸಾಮಾನ್ಯವಾಗಿ ಮೂರು ವಿಷಯ, ಗಟ್ಟಿಗರು ನಾಲ್ಕು.

ಈ ಆರು ವಿಷಯದಲ್ಲೇ ನಮಗೆ ಏಟು ಬಿದ್ದದ್ದು. ಮಗಳಿಗೆ ಡಾಕ್ಟರಾಗಬೇಕು ಅಂತ ಆಸೆ. ಸೇರುವಾಗ ಶಾಲೆಯ ಕೌನ್ಸೆಲರ್ ಮುಂದೆ ಅದನ್ನೇ ಹೇಳಿದೆವು. ಅವರು ಬಯಾಲಜಿ, ಕೆಮಿಸ್ಟ್ರಿ ಎರಡನ್ನೂ ಹೈಯರ್ ಲೆವೆಲ್‌ನಲ್ಲಿ, ಅಂದರೆ ಹೆಚ್ಚು ಆಳದ ಪಾಠದಲ್ಲಿ, ತಗೊಳ್ಳಿ, ಮೆಡಿಕಲ್‌ಗೆ ಅದೇ ದಾರಿ ಎಂದರು. ಇಂಗ್ಲೆಂಡಿನ ಎಷ್ಟೋ ಕಾಲೇಜುಗಳಿಗೆ ಅದು ಸಾಕು, ನಿಜ. ನೀಟ್‌ಗೆ ಸಾಲದು. ನಮ್ಮಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರನ್ನೂ ಓದಿ ಪಾಸಾಗಿರಬೇಕು. ಶಿವಮೊಗ್ಗದಲ್ಲಿ ಯಾವ ಪಿಯು ಹುಡುಗನನ್ನು ಕೇಳಿದರೂ ನಿದ್ದೆಗಣ್ಣಲ್ಲಿ ಹೇಳುತ್ತಾನೆ, ಆದರೆ ಆ ಕೌನ್ಸೆಲರ್ ನೀಟ್ ಎಂಬ ಹೆಸರನ್ನೇ ಕೇಳಿರಲಿಲ್ಲ.

ಹಾಗಾದರೆ ಫಿಸಿಕ್ಸ್ ಸೇರಿಸಿದರಾಯಿತು ಅಲ್ವಾ? ಐಬಿಯಲ್ಲಿ ಅದು ಸುಲಭ ಅಲ್ಲ. ಆರು ವಿಷಯ ಆರು ಗುಂಪಿನಿಂದ ಬರಬೇಕು: ಎರಡು ಭಾಷೆ, ಒಂದು ಸಮಾಜ ವಿಜ್ಞಾನ, ಒಂದು ವಿಜ್ಞಾನ, ಗಣಿತ, ಒಂದು ಕಲೆ. ಕಲೆಯ ಜಾಗದಲ್ಲಿ ಇನ್ನೊಂದು ವಿಜ್ಞಾನ ತಗೊಳ್ಳಬಹುದು. ಅಲ್ಲಿಗೆ ವಿಜ್ಞಾನ ಎರಡಾಯಿತು, ಬಾಗಿಲು ಮುಚ್ಚಿತು. ಮೂರನೆಯದು ಬೇಕಾದರೆ ವಿಶೇಷ ಅನುಮತಿ ಬೇಕು. ಈ ದೇಶದ ಈ ಕೋರ್ಸಿಗೆ ಇದು ಬೇಕೇ ಬೇಕು ಅಂತ ಪುರಾವೆ ಕೊಟ್ಟು ಶಾಲೆಯವರೇ ಐಬಿಗೆ ಬರೆಯಬೇಕು. ನೀಟ್ ನಿಯಮಾವಳಿಯ ಪುಟಗಳನ್ನು ಪ್ರಿಂಟ್ ತೆಗೆದು ಗೆರೆ ಎಳೆದು ಕೊಟ್ಟೆವು. ಅನುಮತಿ ಬರುವ ಹೊತ್ತಿಗೆ ಮೊದಲ ಟರ್ಮ್ ಮುಗಿಯುತ್ತಾ ಬಂದಿತ್ತು. ಎಕನಾಮಿಕ್ಸ್ ಬಿಟ್ಟು ಫಿಸಿಕ್ಸ್ ಹಿಡಿದಳು.

ಆಮೇಲೆ ಟೈಮ್‌ಟೇಬಲ್ ತಕರಾರು. ಆ ಶಾಲೆಯಲ್ಲಿ ವಿಷಯಗಳನ್ನು ಬ್ಲಾಕ್ ಮಾಡಿ ಇಡುತ್ತಾರೆ. ಒಂದು ಬ್ಲಾಕಿನಲ್ಲಿ ಬಯಾಲಜಿಯೂ ಇದೆ, ಫಿಸಿಕ್ಸೂ ಇದೆ, ಎರಡರಲ್ಲಿ ಒಂದನ್ನು ಆರಿಸಿಕೋ ಅಂತ. ಎರಡೂ ಬೇಕು ಎನ್ನುವ ಮಗು ಒಂದೇ ಪೀರಿಯಡ್‌ನಲ್ಲಿ ಎರಡು ಕ್ಲಾಸಿನಲ್ಲಿ ಕೂರಬೇಕು. ಕೊನೆಗೆ ಫಿಸಿಕ್ಸ್ ಮೇಡಂ ಒಬ್ಬರು ಕನಿಕರದಿಂದ ಶಾಲೆ ಬಿಟ್ಟ ಮೇಲೆ ಪಾಠ ಹೇಳಲು ಒಪ್ಪಿದರು. ಉಳಿದದ್ದನ್ನು ತಾನೇ ಓದಿಕೊಳ್ಳಬೇಕು. ಪಾಠ ಮುಗಿಯುವಷ್ಟರಲ್ಲಿ ಶಾಲೆ ಬಸ್ಸು ಹೋಗಿರುತ್ತಿತ್ತು. ನನಗೆ ಕಾರು ಓಡಿಸಲು ಬರುವುದಿಲ್ಲ, ಇವರು ಬರುವುದು ರಾತ್ರಿ. ಮಸ್ಕತ್‌ನ ಬಿಸಿಲಲ್ಲಿ ಟ್ಯಾಕ್ಸಿ ಹಿಡಿದು ಹೋಗಿ ಟ್ಯಾಕ್ಸಿಯಲ್ಲೇ ಕರೆತರುವುದು ಕೋರ್ಸ್ ಮುಗಿಯುವವರೆಗೂ ನಡೆಯಿತು. ಆ ಬಾಡಿಗೆಯನ್ನು ಯಾವ ಕಂಪನಿಯೂ ಕೊಡುವುದಿಲ್ಲ.

ಇಷ್ಟೆಲ್ಲ ಆದ ಮೇಲೆ 2023ರ ಮೇ 7ರಂದು ನೀಟ್. ಸರಿಯಾಗಿ ಐಬಿ ಪರೀಕ್ಷೆಗಳ ನಡುವೆ. ಮಸ್ಕತ್‌ನಲ್ಲೇ ನೀಟ್ ಸೆಂಟರ್ ಇತ್ತು, ಅದೊಂದು ಪುಣ್ಯ. ಅದೇ ವರ್ಷ ನವೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ನಿಯಮ ಸಡಿಲಿಸಿತು. ಹನ್ನೆರಡನೇ ತರಗತಿ ಮುಗಿದ ಮೇಲೂ ಬಿಟ್ಟುಹೋದ ವಿಷಯವನ್ನು ಹೆಚ್ಚುವರಿಯಾಗಿ ಬರೆದು ಪಾಸು ಮಾಡಿಕೊಳ್ಳಬಹುದು ಅಂತ. ನಮ್ಮ ಟ್ಯಾಕ್ಸಿ ಓಡಾಟವೆಲ್ಲ ಮುಗಿದ ಮೇಲೆ! ಮಗಳು ಈಗ ಆಯುರ್ವೇದ ಓದುತ್ತಿದ್ದಾಳೆ, ಖುಷಿಯಾಗಿದ್ದಾಳೆ, ಆ ಮಾತು ಬೇರೆ.

ಮಗನ ಎ ಲೆವೆಲ್‌ಗೆ ವಿಷಯ ಆರಿಸುವಾಗ ಒಂದು ಹಾಳೆ ಕೊಟ್ಟರು. ಫಿಸಿಕ್ಸ್, ಕೆಮಿಸ್ಟ್ರಿ, ಗಣಿತಕ್ಕೆ ಟಿಕ್ ಹಾಕಿದ. ಮುಗಿಯಿತು. ಅವನ ಗೆಳತಿಯೊಬ್ಬಳು ಗಣಿತದ ಬದಲು ಬಯಾಲಜಿಗೆ ಟಿಕ್ ಹಾಕಿದಳು, ಅವಳದ್ದೂ ಮುಗಿಯಿತು.

ಪರೀಕ್ಷೆಯ ರೀತಿಯೂ ನನ್ನ ಸ್ವಭಾವಕ್ಕೆ ಎ ಲೆವೆಲ್ಲೇ ಸರಿ. ಮೊದಲ ವರ್ಷದ ಕೊನೆಗೆ ಎಎಸ್ ಎಂಬ ಮೊದಲರ್ಧದ ಪತ್ರಿಕೆಗಳನ್ನು ಬರೆದುಬಿಡಬಹುದು, ಆ ಅಂಕ ಮುಂದಕ್ಕೆ ಬರುತ್ತದೆ. ಮಗ ಎಎಸ್ ಕೆಮಿಸ್ಟ್ರಿಯಲ್ಲಿ ಮುಗ್ಗರಿಸಿದ, ಅಕ್ಟೋಬರ್-ನವೆಂಬರ್ ಸರಣಿಯಲ್ಲಿ ಮತ್ತೆ ಬರೆದು ಸರಿಮಾಡಿಕೊಂಡ. ಹಳೆಯ ಪ್ರಶ್ನೆಪತ್ರಿಕೆ, ಅದಕ್ಕೆ ಉತ್ತರದ ಪಟ್ಟಿ ಎಲ್ಲ ಸಿಗುತ್ತದೆ. ನಾನು ಪಕ್ಕದಲ್ಲಿ ಕೂತು ಓದಿಸುವವಳು. ಫಿಸಿಕ್ಸ್ ಅರ್ಥ ಆಗದಿದ್ದರೂ ಪಟ್ಟಿ ನೋಡಿ ಟಿಕ್ ಹಾಕಲು ಬರುತ್ತದೆ. ಐಬಿಯಲ್ಲಿ ಎರಡು ವರ್ಷದ ದೊಡ್ಡ ಪರೀಕ್ಷೆಗಳೆಲ್ಲ ಕೊನೆಯ ಮೂರು ವಾರದಲ್ಲಿ ಬಂದು ಬೀಳುತ್ತವೆ. ಅದಕ್ಕೂ ಮೊದಲು ಪ್ರತಿ ವಿಷಯಕ್ಕೂ ಒಂದೊಂದು ಸ್ವಂತ ಪ್ರಾಜೆಕ್ಟ್. ತಾಯಿ ಅನ್ನಿಸಿಕೊಂಡವಳು ಚಹಾ ಮಾಡಿಕೊಟ್ಟು ಆಚೆ ಹೋಗಬೇಕು ಅಷ್ಟೆ.

ಆದರೂ ಐಬಿಯ ಒಂದು ಕೆಲಸ ನನಗೆ ಈಗಲೂ ಹೊಟ್ಟೆಕಿಚ್ಚು ತರುವಷ್ಟು ಚೆನ್ನಾಗಿದೆ. ಎಕ್ಸ್‌ಟೆಂಡೆಡ್ ಎಸ್ಸೇ ಅಂತ, 4000 ಪದದ ಮಿತಿ, ವಿಷಯ ಮಕ್ಕಳದೇ. ಮಗಳು ಅಡಿಕೆ ಚೊಗರನ್ನು ಆರಿಸಿಕೊಂಡಳು. ಅಡಿಕೆ ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಆ ಕೆಂಪು ನೀರಿನಲ್ಲಿ ಟ್ಯಾನಿನ್ ಎಷ್ಟಿದೆ, ಬೇಯಿಸಿದಷ್ಟೂ ಹೇಗೆ ಹೆಚ್ಚುತ್ತದೆ ಎಂದು ನೋಡಿದಳು. ಹೆಗ್ಗೋಡಿನ ಚರಕ ಎಂಬ ಕೈಮಗ್ಗ ಸಂಸ್ಥೆಯ ಬಟ್ಟೆಗೆ ಬಣ್ಣ ಕೊಡುವುದೂ ಇದೇ ಚೊಗರು. ತೀರ್ಥಹಳ್ಳಿಯ ಮನೆಯಿಂದ ಬಾಟಲಿಯಲ್ಲಿ ಕಟ್ಟಿಕೊಂಡು ಹೋದೆವು. ಸೂಟ್‌ಕೇಸಿನೊಳಗೆ ಸೋರಿ ಇವರ ಎರಡು ಬಿಳಿ ಅಂಗಿಗಳಿಗೂ ಬಣ್ಣ ಹತ್ತಿತು. ಹುಟ್ಟಿದಾಗಿನಿಂದ ನೋಡಿದ್ದ ವಸ್ತುವಿನ ಬಗ್ಗೆ ಅವಳು ಮೊದಲ ಸಲ ಪ್ರಶ್ನೆ ಕೇಳಿದ್ದು ಮಸ್ಕತ್‌ನ ಲ್ಯಾಬಿನಲ್ಲಿ. ಮಗನ ಮೂರು ವಿಷಯದಲ್ಲಿ ಇಂಥದ್ದು ಒಂದೂ ಇರಲಿಲ್ಲ.

ಜ್ಞಾನದ ಸಿದ್ಧಾಂತ ಎಂಬ ಇನ್ನೊಂದು ಪಾಠ ಇದೆ, ಅದಕ್ಕೆ 1600 ಪದದ ಪ್ರಬಂಧ. ನನಗೆ ತಲೆಬುಡ ತಿಳಿಯಲಿಲ್ಲ. ನಮ್ಮ ಅಪ್ಪಯ್ಯನಿಗೆ ಮಾತ್ರ ಬಹಳ ಇಷ್ಟ, ರಜೆಯಲ್ಲಿ ಮೊಮ್ಮಗಳ ಜೊತೆ ಜಗಲಿಯಲ್ಲಿ ವಾದಕ್ಕೆ ಕೂತರೆ ಊಟಕ್ಕೆ ಏಳುತ್ತಿರಲಿಲ್ಲ.

ಪಾಠದಾಚೆಗಿನ ಚಟುವಟಿಕೆಗೆ ಬರೋಣ. ಐಬಿಯಲ್ಲಿ ಅದರ ಹೆಸರು ಸಿಎಎಸ್: ಸೃಜನಶೀಲ ಕೆಲಸ, ಮೈಗೆ ವ್ಯಾಯಾಮ, ಸೇವೆ. ಹದಿನೆಂಟು ತಿಂಗಳು ಬಿಡದೆ ಮಾಡಬೇಕು. ಅಂಕ ಇಲ್ಲ, ಆದರೆ ಮಾಡದಿದ್ದರೆ ಡಿಪ್ಲೊಮಾನೇ ಇಲ್ಲ. ಮಗಳು ಯಕ್ಷಗಾನ ಕಲಿಯುತ್ತೇನೆ ಎಂದಳು, ಶಾಲೆ ಒಪ್ಪಿತು. ಅಲ್ಲಿಯ ಬೇಸಿಗೆ ರಜೆ ಬರುವುದು ನಮ್ಮ ಮಳೆಗಾಲದಲ್ಲಿ. ಮೇಳಗಳ ತಿರುಗಾಟ ಆಗ ಇರುವುದಿಲ್ಲ, ಹಾಗಾಗಿ ಕಲಿಸುವವರಿಗೂ ಬಿಡುವು. ಹೆಜ್ಜೆ ಚೆನ್ನಾಗಿಯೇ ಕಲಿತಳು. ಕಷ್ಟ ಆದದ್ದು ಬರವಣಿಗೆ. ಏನು ಮಾಡಿದೆ, ಏನು ಅನ್ನಿಸಿತು, ಮುಂದೆ ಏನು ಎಂದು ಇಂಗ್ಲಿಷಿನಲ್ಲಿ ಬರೆದು ಫೋಟೋ ಸಮೇತ ಅಪ್‌ಲೋಡ್ ಮಾಡುತ್ತಿರಬೇಕು. ಆಷಾಢದ ಮಳೆಯಲ್ಲಿ ತೀರ್ಥಹಳ್ಳಿಯಾಚೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಕೊಡೆ ಹಿಡಿದು ಗುಡ್ಡದ ನೆತ್ತಿಗೆ ಹೋಗಿ ಕಳಿಸುತ್ತಿದ್ದಳು, ಕಾಲಿಗೆ ಇಂಬಳ ಕಚ್ಚಿಸಿಕೊಂಡು. ಅದನ್ನೇ ವ್ಯಾಯಾಮ ಅಂತ ಬರೆದುಬಿಡು ಎಂದೆ.

ಎ ಲೆವೆಲ್‌ನಲ್ಲಿ ಇಂಥ ಕಡ್ಡಾಯ ಇಲ್ಲ. ಶಾಲೆಯಲ್ಲಿ ಏನಿದೆಯೋ ಅದು. ಮಗನ ಶಾಲೆಯಲ್ಲಿ ಡ್ಯೂಕ್ ಆಫ್ ಎಡಿನ್‌ಬರಾ ಅವಾರ್ಡ್ ಎಂಬ ಹುಡುಗ ಹುಡುಗಿಯರ ಚಟುವಟಿಕೆ ಕಾರ್ಯಕ್ರಮ ಇತ್ತು, ಕಂಚು, ಬೆಳ್ಳಿ, ಚಿನ್ನ ಅಂತ ಮೂರು ಹಂತ. ಅವನು ಕಂಚು ಮುಗಿಸಿ ಬೆಳ್ಳಿಗೆ ಹೋಗಲಿಲ್ಲ. ಹಜರ್ ಬೆಟ್ಟಗಳಲ್ಲಿ ಬೆನ್ನಿಗೆ ನೀರು ಹೊತ್ತು ನಡೆದು, ಟೆಂಟಿನಲ್ಲಿ ರಾತ್ರಿ ಕಳೆದು ಬಂದ. ಕೊಡಚಾದ್ರಿ ಹತ್ತಿದವನಿಗೆ ಒಂದು ಮರವೂ ಇಲ್ಲದ ಬೆಟ್ಟ ಕಂಡು ಸಿಟ್ಟೇ ಬಂದಿತ್ತಂತೆ. ಮಿಕ್ಕ ಹೊತ್ತು ಫುಟ್‌ಬಾಲ್, ಇಲ್ಲದಿದ್ದರೆ ನಿದ್ದೆ. ತಾನಾಗಿ ಏನೂ ಮಾಡದ ಮಗುವಿಗೆ ಎ ಲೆವೆಲ್ ಏನನ್ನೂ ಮಾಡಿಸುವುದಿಲ್ಲ, ಇದು ನೆನಪಿರಲಿ.

ಫಲಿತಾಂಶದ ದಿನಾಂಕದಲ್ಲಿ ಐಬಿ ಗೆಲ್ಲುತ್ತದೆ. ಅದರದ್ದು ಜುಲೈ ಮೊದಲ ವಾರ. ಎ ಲೆವೆಲ್‌ನದ್ದು ಆಗಸ್ಟ್ ಮಧ್ಯದ ಹೊತ್ತಿಗೆ. ಮಗನ ಫಲಿತಾಂಶ ಬರುವ ಮೊದಲೇ, ಶಾಲೆಯವರು ಕೊಟ್ಟ ಅಂದಾಜು ಗ್ರೇಡಿನ ಪತ್ರ ಹಿಡಿದು ಬೆಂಗಳೂರಿನ ಕಾಲೇಜುಗಳನ್ನು ಸುತ್ತಿದೆವು. ಒಂದು ಕಡೆ ತಾತ್ಕಾಲಿಕ ಅಡ್ಮಿಷನ್ ಕೊಟ್ಟರು, ಬಚಾವಾದೆವು.

ಫೀಸು. ಮಗನದ್ದು ಮಗಳದ್ದರ ಮೂರರಲ್ಲಿ ಎರಡು ಭಾಗ ಆಗಿತ್ತು, ಆದರೆ ಅದರಲ್ಲಿ ಅರ್ಧ ನಮ್ಮ ಕೈಯಿಂದಲೇ. ಸೆಪ್ಟೆಂಬರ್ ಕಂತು ಬಹಳ ಕಷ್ಟದ್ದು. ಹಿಂದಿನ ಸಾಲಿನ ರಾಶಿ ಇಡಿ ಅಡಿಕೆ ಮಂಡಿಗೆ ಹೋಗಿ ದುಡ್ಡು ಖರ್ಚಾಗಿರುತ್ತದೆ, ಹೊಸ ಕೊಯ್ಲು ಇನ್ನೂ ಮರದ ಮೇಲೆ. ಐಬಿಯೇ ಆಗಿದ್ದರೆ ಅಪ್ಪಯ್ಯನ ಹತ್ತಿರ ಕೈಚಾಚಬೇಕಿತ್ತು. ಎ ಲೆವೆಲ್ ಪರೀಕ್ಷಾ ಶುಲ್ಕ ವಿಷಯಕ್ಕೆ ಇಷ್ಟು ಅಂತ ಬೇರೆಯೇ ಬರುತ್ತದೆ, ಮತ್ತೆ ಬರೆದರೆ ಮತ್ತೆ ಕಟ್ಟಬೇಕು.

ಯಾವುದನ್ನು ಓದಿಸಿದರೂ ತಪ್ಪದ ಗೋಳು ಕೆಲವು ಇವೆ. ಭಾರತದಲ್ಲಿ ಎರಡಕ್ಕೂ ಪಿಯುಸಿ ಸಮಾನ ಎಂಬ ಮಾನ್ಯತೆ ಇದೆ, ಆದರೂ ಗುಮಾಸ್ತರು ಪ್ರಮಾಣಪತ್ರ ತಿರುಗಿಸಿ ನೋಡಿ ಪರ್ಸೆಂಟೇಜ್ ಎಲ್ಲಿ ಅಂತ ಕೇಳುತ್ತಾರೆ. ಸಿಇಟಿ ಸೀಟಿಗೆ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕು ಎಂಬ ಷರತ್ತು ಸಣ್ಣದರಲ್ಲೇ ಗಲ್ಫಿಗೆ ಹೋದ ಮಕ್ಕಳಿಗೆ ಅಡ್ಡ ಬರುತ್ತದೆ. ಎಂಜಿನಿಯರಿಂಗ್ ಆಸೆಯಿದ್ದರೆ ಡಾಸಾ ಎಂಬ ಯೋಜನೆ ನೋಡಿಕೊಳ್ಳಿ. ಜೆಇಇ ಮೇನ್ ರ‍್ಯಾಂಕಿನ ಮೇಲೆ ಸುರತ್ಕಲ್‌ನಂಥ ಎನ್‌ಐಟಿಗಳಲ್ಲಿ ಹೊರದೇಶದಲ್ಲಿ ಓದಿದವರಿಗೆ ಸೀಟು ಇಟ್ಟಿರುತ್ತಾರೆ, ಗಲ್ಫಿನಲ್ಲಿ ದುಡಿಯುವವರ ಮಕ್ಕಳಿಗೆ ಅದರಲ್ಲಿ ಕಡಿಮೆ ಫೀಸಿನ ಪ್ರತ್ಯೇಕ ಪಾಲಿದೆ. ನಮ್ಮ ಮಗನಿಗೆ ಆ ರ‍್ಯಾಂಕ್ ಬರಲಿಲ್ಲ.

ಮಗು ಡಿಗ್ರಿಗೂ ಹೊರದೇಶಕ್ಕೇ ಹೋಗುವುದಾದರೆ, ಬರೆಯುವುದೆಂದರೆ ಅದಕ್ಕೆ ಪ್ರಾಣ ಎನ್ನುವುದಾದರೆ, ಫೀಸು ಪೂರ್ತಿ ಕಂಪನಿಯದಾದರೆ ಐಬಿ ತಗೊಳ್ಳಿ, ನನ್ನ ಮಾತು ಬಿಟ್ಟುಬಿಡಿ. ಊರಿಗೆ ವಾಪಸ್ ಬಂದು ಇಲ್ಲೇ ಕಾಲೇಜು ಓದಿಸುವವರಿಗೆ, ಅದರಲ್ಲೂ ಮೆಡಿಕಲ್ ಕನಸಿದ್ದವರಿಗೆ, ಎ ಲೆವೆಲ್. ಅಲ್ಲಿಯೂ ಹಣ ಕಟ್ಟುವ ಮೊದಲು ಯಾವ ವಿಷಯ ಯಾವ ಬ್ಲಾಕಿನಲ್ಲಿದೆ ಎಂಬ ಟೈಮ್‌ಟೇಬಲ್ ಹಾಳೆಯನ್ನು ಕೇಳಿ ಇಸ್ಕೊಳ್ಳಿ. ಆಮೇಲೆ ಕಳಿಸುತ್ತೇವೆ ಎಂದರೆ, ಅದು ಬಂದ ಮೇಲೆಯೇ ಫೀಸು ಕಟ್ಟಿ.